ಇಪ್ಪತ್ತೈದು ತಟ್ಟೆಯ ಕಟ್ಟು: ಅಂಗವಿಕಲರೊಂದಿಗೆ ಕೆಲಸ ಹುಡುಕಲು ಹೊರಟವರಿಗೆ

ನಮ್ಮ ಮನೆಯ ಜಗಲಿಗೆ ಬರುವ ತಾಯಂದಿರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಫೈಲ್ ಇರುತ್ತದೆ. ಅದರೊಳಗೆ ಅಂಗವಿಕಲತೆಯ ಪ್ರಮಾಣಪತ್ರ, ರೇಶನ್ ಕಾರ್ಡಿನ ನಕಲು, ನಾಲ್ಕೈದು ಆಸ್ಪತ್ರೆಗಳ ಚೀಟಿ, ಕೊನೆಯಲ್ಲಿ ಮಗ ಶಾಲು ಹೊದ್ದು ನಿಂತಿರುವ ಒಂದೆರಡು ಸನ್ಮಾನದ ಫೋಟೋ. "ಅಣ್ಣಾ, ಇವನಿಗೆ ಏನಾದರೂ ಒಂದು ಕೆಲಸ" ಎನ್ನುತ್ತಾರೆ. ಏನಾದರೂ ಒಂದು! ಬಿ.ಕಾಂ. ಮುಗಿಸಿದ ಇನ್ನೊಬ್ಬ ಮಗನಿಗಾಗಿ ಅದೇ ತಾಯಿ ಹೀಗೆ ಕೇಳುವುದಿಲ್ಲ.

ಫೈಲನ್ನು ಮುಚ್ಚಿ ಬದಿಗಿಟ್ಟು ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇವರು ಬೆಳಿಗ್ಗೆ ಎದ್ದ ಮೇಲೆ ಏನು ಮಾಡುತ್ತಾರೆ?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಎರಡು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೊದಿಂದ ಎಡಗಾಲು ಸೊರಗಿದೆ, ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತೇನೆ. ಹನ್ನೆರಡು ವರ್ಷಗಳಿಂದ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು ಕಡೆಯ ಹಲವರ ಜತೆ ಕೆಲಸ ಹುಡುಕುತ್ತಾ ಅಲೆದಿದ್ದೇನೆ. ಸುಮಾರು ಅರ್ಧದಷ್ಟು ಮಂದಿಗೆ ಸಿಕ್ಕಿದೆ, ಉಳಿದರ್ಧದಲ್ಲಿ ನನ್ನ ತಪ್ಪುಗಳೇ ಹೆಚ್ಚು. ಆ ತಪ್ಪುಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ದಿಲ್ಲಿಯವರು ದಿವ್ಯಾಂಗ ಎನ್ನುತ್ತಾರೆ. ತಿರುವನಂತಪುರದಿಂದ ಬರುವ ಕಾಗದದಲ್ಲಿ ಭಿನ್ನಶೇಷಿ ಎಂದಿರುತ್ತದೆ. ಮಲಯಾಳದಲ್ಲಿ ಶೇಷಿ ಎಂದರೆ ಸಾಮರ್ಥ್ಯ, ಆದರೆ ನಮ್ಮ ಕನ್ನಡದ ಕಿವಿಗೆ ಅದು ಉಳಿದುಹೋದ ಲೆಕ್ಕದಂತೆ ಕೇಳುತ್ತದೆ. ನನ್ನ ಕಾಲಿಗೆ ಯಾವ ಹೆಸರಿಟ್ಟರೂ ಬಸ್ಸಿನ ಮೆಟ್ಟಿಲು ಒಂದಿಂಚೂ ತಗ್ಗುವುದಿಲ್ಲವಾದ್ದರಿಂದ ಅಂಗವಿಕಲ ಎಂಬ ಹಳೆಯ ಶಬ್ದವನ್ನೇ ಬಳಸುತ್ತೇನೆ.

ಒಂದು ವಾರ ಸುಮ್ಮನೆ ನೋಡಿ

ಅಂಗವಿಕಲರಿಗೆಂದೇ ಕೆಲವು ಕೆಲಸಗಳನ್ನು ಕಾಲ ಕಾಲಕ್ಕೆ ಯಾರೋ ನಿಗದಿ ಮಾಡಿಬಿಡುತ್ತಾರೆ. ನನ್ನ ಪ್ರಾಯಕಾಲದಲ್ಲಿ ಅದು ಎಸ್‌ಟಿಡಿ ಬೂತ್ ಆಗಿತ್ತು. ಮೊಬೈಲ್ ಬಂದದ್ದೇ ತಡ, ಗಾಜಿನ ಪೆಟ್ಟಿಗೆಗಳು ಕೋಳಿಗೂಡುಗಳಾದವು. ಆಮೇಲೆ ಹೊಲಿಗೆ ಯಂತ್ರ, ಮೇಣದ ಬತ್ತಿ, ಕಾಗದದ ಕವರು. ಇನ್ನು ಲಾಟರಿ ಇದ್ದೇ ಇದೆ. ಕೇರಳ ಸರಕಾರ 1967ರಲ್ಲಿ ಲಾಟರಿ ಆರಂಭಿಸಿದಂದಿನಿಂದ ಬಸ್ ನಿಲ್ದಾಣದ ಬಿಸಿಲಿನಲ್ಲಿ ಟಿಕೆಟು ಹಿಡಿದು ನಿಂತವರಲ್ಲಿ ನಮ್ಮವರು ಎಷ್ಟು ಮಂದಿ ಎಂದು ನೀವೇ ನೋಡಿರುತ್ತೀರಿ. ಲಾಟರಿ ಮಾರುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಹತ್ತು ಕೆಲಸ ನೋಡಿ ಅದನ್ನೇ ಆರಿಸಿಕೊಂಡವರಿದ್ದಾರೆ, ನಾಲ್ಕು ಜನರೊಡನೆ ಮಾತಾಡುತ್ತಾ ನಿಲ್ಲುವುದು ಅವರಿಗೆ ಇಷ್ಟ. ಬೇರೆ ಯಾವುದನ್ನೂ ತೋರಿಸದೆ ಅದೊಂದನ್ನೇ ಕೈಗೆ ಕೊಡುವುದಕ್ಕೆ ನನ್ನ ತಕರಾರು.

ಆದ್ದರಿಂದ ಮೊದಲು ಕೆಲಸವನ್ನು ಹುಡುಕಬೇಡಿ, ಮನುಷ್ಯನನ್ನು ನೋಡಿ. ಒಂದು ವಾರ ಅವರ ಮನೆಗೆ ಹೊತ್ತಿಲ್ಲದ ಹೊತ್ತಿನಲ್ಲಿ ಹೋಗಿ. ಎರಡು ರೂಲಿನ ಪುಸ್ತಕದಲ್ಲಿ ಬರೆದುಕೊಳ್ಳಿ: ಎಷ್ಟು ಗಂಟೆಗೆ ಚುರುಕು, ಎಷ್ಟು ಗಂಟೆಗೆ ಮಂಕು. ಜನ ತುಂಬಿದರೆ ಅರಳುತ್ತಾರೋ ಮುದುಡುತ್ತಾರೋ. ಶಬ್ದ ಸಹಿಸುತ್ತಾರೋ. ಕೈ ಒದ್ದೆಯಾದರೆ ಸಿಟ್ಟು ಬರುತ್ತದೆಯೋ. ಯಾರೂ ಹೇಳದೆ ತಾವಾಗಿ ಮಾಡುವ ಕೆಲಸ ಯಾವುದು. ಈ ಕೊನೆಯದಕ್ಕೆ ಪುಸ್ತಕದಲ್ಲಿ ಒಂದು ಇಡೀ ಪುಟ ಬಿಡಿ.

ಪ್ರಮಾಣಪತ್ರದ ಶೇಕಡಾವಾರು ಇದಕ್ಕೆಲ್ಲ ಉಪಯೋಗವಿಲ್ಲ. ಅಲ್ಲಿ ಶೇಕಡಾ 70 ಎಂದಿದ್ದರೆ ಉಳಿದ 30ರಲ್ಲಿ ಏನಿದೆ ಎಂದು ಯಾವ ವೈದ್ಯರೂ ಬರೆದುಕೊಟ್ಟಿಲ್ಲ.

ಒಬ್ಬರ ಕತೆ ಹೇಳುತ್ತೇನೆ, ಮುಂದೆಯೂ ಅವರೇ ಬರುತ್ತಾರೆ. ಬುದ್ಧಿ ಬೆಳವಣಿಗೆಯ ಕೊರತೆ ಇರುವವರು, ಮಾತು ಕಡಿಮೆ. 33 ವರ್ಷ ವಯಸ್ಸು. ಮನೆಯಲ್ಲೂ ನೆರೆಕರೆಯಲ್ಲೂ ಎಲ್ಲರೂ ಅವರನ್ನು ಮಾಣಿ, ಎಂದರೆ ಹುಡುಗ, ಎಂದೇ ಕರೆಯುತ್ತಿದ್ದರು, ತಲೆಯಲ್ಲಿ ನರೆಕೂದಲು ಕಾಣಿಸಿಕೊಂಡ ಮೇಲೂ ಅದೇ ಹೆಸರು. ಏನು ಮಾಡುತ್ತಾನೆ ಎಂದು ತಾಯಿಯನ್ನು ಕೇಳಿದೆ. "ಏನೂ ಇಲ್ಲ, ಕೂತಿರುತ್ತಾನೆ" ಎಂದರು. ನಾಲ್ಕನೆಯ ದಿನ ಪಕ್ಕದ ಮನೆಯಲ್ಲಿ ಜಂಬರ. ಊಟಕ್ಕೆ ಎಲೆ ಹಾಕುವ ಮುಂಚೆ ಈತ ಬಾಳೆಲೆಯ ರಾಶಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಹರಿದದ್ದನ್ನು ಹಿಂದಕ್ಕೆ ಎಸೆದು, ಒಳ್ಳೆಯದನ್ನು ತುದಿಗೆ ತುದಿ ಕೂಡಿಸಿ ಜೋಡಿಸುತ್ತಿದ್ದರು. ಅಂಚು ಒಂದು ಬೆರಳಷ್ಟು ಆಚೀಚೆಯಾದರೆ ಮತ್ತೆ ತೆಗೆದು ಸರಿಮಾಡುವುದು. ಒಂದೂವರೆ ಗಂಟೆ ಹೀಗೆಯೇ ನಡೆಯಿತು. ನಾನು ನೋಡುತ್ತಿದ್ದುದನ್ನು ಕಂಡು ತಾಯಿ ನಾಚಿಕೊಂಡು, "ಅವನದೊಂದು ಹುಚ್ಚು" ಎಂದರು. ಪುಸ್ತಕದ ಆ ಖಾಲಿ ಪುಟ ಅಂದು ತುಂಬಿತು.

ಅವರನ್ನೇ ಕೇಳಿ ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಸರಿ. ಆದರೆ ಮೂವತ್ತು ವರ್ಷ ಯಾರೂ ಏನನ್ನೂ ಕೇಳದೆ ಬಿಟ್ಟವರನ್ನು ಇದ್ದಕ್ಕಿದ್ದಂತೆ "ನಿಮಗೆ ಯಾವ ಕೆಲಸ ಇಷ್ಟ?" ಎಂದರೆ ಅವರು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಎರಡು ಜಾಗಗಳಿಗೆ ಕರೆದುಕೊಂಡು ಹೋಗಿ, ಒಂದೊಂದರಲ್ಲಿ ಅರ್ಧ ದಿನ ಕೂರಿಸಿ. ಮಾರನೆಯ ದಿನ ಯಾವ ದಾರಿಗೆ ಕಾಲು ಹಾಕುತ್ತಾರೆ ನೋಡಿ. ನಾನು ಈತನನ್ನು ಮೊದಲು ಒಂದು ನರ್ಸರಿಗೆ ಕರೆದೊಯ್ದೆ, ಅಡಿಕೆ ಸಸಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿಸುವ ಕೆಲಸ. ಉಗುರಿನ ಸಂದಿಗೆ ಮಣ್ಣು ಹೋದದ್ದೇ ಎದ್ದು ಬಂದು ಆಟೋದಲ್ಲಿ ಕೂತರು. ಎರಡನೆಯದು ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಘಟಕ. ಅಲ್ಲಿಂದ ಸಂಜೆ ಎಬ್ಬಿಸುವುದೇ ಕಷ್ಟವಾಯಿತು.

ಕಾಗದಪತ್ರ, ಬೇಗ ಮುಗಿಸೋಣ

ಅಂಗವಿಕಲರ ಹಕ್ಕುಗಳ ಕಾಯಿದೆ 2016ರದ್ದು, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1995ರ ಹಳೆಯ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಷ್ಟೇ ಇದ್ದವು, ಈಗ 21 ಇವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸರಕಾರಿ ಉದ್ಯೋಗದ ಶೇಕಡಾ 4 ಮೀಸಲಾತಿಗೆ ಅರ್ಹತೆ. ಹಿಂದೆ ಇದು ಶೇಕಡಾ 3 ಆಗಿತ್ತು. ಬುದ್ಧಿ ಬೆಳವಣಿಗೆಯ ಕೊರತೆ, ಆಟಿಸಂ, ಮಾನಸಿಕ ಕಾಯಿಲೆ ಇರುವವರಿಗೂ ಈಗ ಅದರಲ್ಲಿ ಪಾಲಿದೆ.

ಮೊದಲು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಈ ಕಾರ್ಡ್ ದೇಶಕ್ಕೆಲ್ಲ ಒಂದೇ ಆದ್ದರಿಂದ ತಲಪಾಡಿ ದಾಟಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರುವವರಿಗೂ ನಡೆಯುತ್ತದೆ. ಪಿಂಚಣಿಯಂತಹ ರಾಜ್ಯದ ಸವಲತ್ತುಗಳು ಮಾತ್ರ ಗಡಿ ದಾಟುವುದಿಲ್ಲ. ಅಷ್ಟೇ ಅಲ್ಲ, ಪಿಂಚಣಿಗೆ ಕುಟುಂಬದ ಆದಾಯದ ಮಿತಿ ಇದೆ. ಕೆಲಸಕ್ಕೆ ಸೇರಿದ ಮೇಲೆ ಪಿಂಚಣಿ ನಿಂತುಹೋಯಿತೆಂದು ಮನೆಯವರು ಕೆಲಸವನ್ನೇ ಬಿಡಿಸಿದ್ದನ್ನು ಕಂಡಿದ್ದೇನೆ. ಸೇರುವ ಮೊದಲೇ ಪಂಚಾಯತಿಗೆ ಹೋಗಿ ಲೆಕ್ಕ ಹಾಕಿಸಿಕೊಳ್ಳಿ.

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತಲೆನೋವು ಹೆಸರಿನದ್ದು. ಶಾಲೆಯ ದಾಖಲೆ ಕನ್ನಡದಲ್ಲಿ, ರೇಶನ್ ಕಾರ್ಡ್ ಮಲಯಾಳದಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಕನ್ನಡದ ಶಿವರಾಮ ಮಲಯಾಳದಲ್ಲಿ ಶಿವರಾಮನ್ ಆಗಿ, ಇಂಗ್ಲಿಷಿನಲ್ಲಿ ಮನೆಹೆಸರಿನ ಇನಿಶಿಯಲ್ ಹಿಂದಕ್ಕೋ ಮುಂದಕ್ಕೋ ಹಾರಿ, ಕೊನೆಗೆ ಮೂವರು ಬೇರೆ ಬೇರೆ ಮನುಷ್ಯರಾಗುತ್ತಾರೆ. ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲುವುದಕ್ಕಿಂತ ಮೊದಲೇ ಒಂದು ಹೆಸರಿಗೆ ಬಂದುಬಿಡಿ. ಆಮೇಲೆ ತಿದ್ದಲು ಹೊರಟರೆ ಒಂದು ಮಳೆಗಾಲ ಬೇಕು.

ಉದ್ಯೋಗ ವಿನಿಮಯ ಕೇಂದ್ರದಲ್ಲಿ ನೋಂದಣಿ ಮಾಡಿಸಿ, ಮೂರು ವರ್ಷಕ್ಕೊಮ್ಮೆ ನವೀಕರಿಸಿ. ನವೀಕರಣ ತಪ್ಪಿಸಿಕೊಂಡು ಹಿರಿತನ ಕಳೆದುಕೊಂಡವರು ಎಷ್ಟೋ. ಈ ನೋಂದಣಿ ಇದ್ದವರಿಗೆ ಸ್ವಂತ ಉದ್ಯೋಗಕ್ಕಾಗಿ ಕೈವಲ್ಯ ಎಂಬ ಯೋಜನೆ ಇದೆ: 50,000 ರೂಪಾಯಿಯವರೆಗೆ ಬಡ್ಡಿಯಿಲ್ಲದ ಸಾಲ, ಅದರಲ್ಲಿ ಅರ್ಧ ಸಬ್ಸಿಡಿ. ಕನ್ನಡ ಮಾಧ್ಯಮದಲ್ಲಿ ಕಲಿತವರು ಪಿಎಸ್‌ಸಿಯ ಕನ್ನಡ ಮತ್ತು ಮಲಯಾಳ ಬಲ್ಲವರ ಹುದ್ದೆಗಳ ಮೇಲೆ ಕಣ್ಣಿಡಿ.

ಬ್ಯಾಂಕಿನವನಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಖಾತೆ ಅವರ ಹೆಸರಿನಲ್ಲೇ ಇರಲಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಅಂಗವಿಕಲರೆಂಬ ಕಾರಣಕ್ಕೆ ಹಣಕಾಸಿನ ಹಕ್ಕು ಇಲ್ಲವಾಗುವುದಿಲ್ಲ ಎಂದು ಕಾಯಿದೆಯ 13ನೆಯ ಸೆಕ್ಷನ್ ಹೇಳುತ್ತದೆ. ತೀರಾ ಅಗತ್ಯವಿದ್ದರೆ ಮಾತ್ರ 1999ರ ರಾಷ್ಟ್ರೀಯ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕ ಮಾಡಿಸಬಹುದು. ಎಲ್ಲರಿಗೂ ಅದು ಬೇಕಾಗುವುದಿಲ್ಲ.

"ದುಡ್ಡು ಬಂದಿದೆಯಲ್ಲ, ಕೆಲಸ ಯಾಕೆ?"

ಈ ಮಾತನ್ನು ನಮ್ಮ ಊರಿನಲ್ಲಿ ಮಾತ್ರ ಕೇಳಬಹುದು. ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಅದರಿಂದ ರೋಗ, ವೈಕಲ್ಯಕ್ಕೆ ತುತ್ತಾದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಅಂದು ತೊಟ್ಟಿಲಿನಲ್ಲಿದ್ದವರು ಇಂದು ಮೂವತ್ತು, ನಲವತ್ತರ ಆಸುಪಾಸಿನಲ್ಲಿದ್ದಾರೆ. ಬುದ್ಧಿ ಬೆಳವಣಿಗೆಯ ಕೊರತೆ ಇರುವ ಮಕ್ಕಳಿಗೆಂದು ಪಂಚಾಯತುಗಳ ಬಡ್ಸ್ ಶಾಲೆಗಳು ಬಂದವು, ಒಳ್ಳೆಯದೇ ಆಯಿತು. ಆದರೆ ಶಾಲೆಯ ವಯಸ್ಸು ದಾಟಿದವರು ಹಗಲಿಡೀ ಏನು ಮಾಡಬೇಕು? ಅವರನ್ನು ನೋಡಿಕೊಳ್ಳುವ ತಾಯಂದಿರಿಗೆ ಎಪ್ಪತ್ತಾಗುತ್ತಾ ಬಂತು.

ಪರಿಹಾರ ಎಂದರೆ ಆದ ಅನ್ಯಾಯಕ್ಕೆ ಕೊಟ್ಟ ದಂಡ, ಅದು ಸಂಬಳವಲ್ಲ. ಹೀಗೆ ಹೇಳಿದವರಿಗೆ ನಾನು ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ. ತೀರಾ ಹಾಸಿಗೆ ಹಿಡಿದವರಿಗೆ ಕೆಲಸದ ಮಾತು ಆಡುವುದು ಕ್ರೌರ್ಯ, ಅದೂ ಗೊತ್ತಿರಲಿ.

ಮಾಲೀಕರ ಬಳಿ ಏನು ಕೇಳಬೇಕು

ಎರಡು ಬಸ್ ನಿಲ್ದಾಣಗಳ ಆಚೆಗೆ ಹೋಗಬೇಡಿ. ದಿನಾ ಹೋಗಿ ಬರಬೇಕಾದ್ದು ಅವರು. ನಮ್ಮಲ್ಲಿ ಈ ದೂರದೊಳಗೇ ಹಾಳೆ ತಟ್ಟೆಯ ಘಟಕ, ಅಡಿಕೆ ಅಂಗಡಿ, ಗೇರುಬೀಜದ ಕಾರ್ಖಾನೆ, ಬೇಕರಿ, ನರ್ಸರಿ, ಹೋಟೆಲು, ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಘಟಕಗಳು ಸಿಗುತ್ತವೆ. ಮೊದಲ ಸಲ ಹೋಗುವಾಗ ಒಬ್ಬರೇ ಹೋಗಿ. ಬರಿಗೈಯಲ್ಲಿ ಹೋಗಿ, ಫೈಲ್ ಬೇಡ. "ಪಾಪ, ಒಂದು ಉಪಕಾರ ಮಾಡಬೇಕು" ಎಂದು ಶುರು ಮಾಡಿದರೆ ಮಾಲೀಕರ ಕೈ ಗಲ್ಲಾಪೆಟ್ಟಿಗೆಗೆ ಹೋಗಿ ನೂರು ರೂಪಾಯಿ ನೋಟು ಹೊರಬರುತ್ತದೆ. ನನಗೆ ಹಾಗೆ ಎರಡು ಸಲ ಆಗಿದೆ. ಕ್ಯಾಲಿಪರ್ ನೋಡಿ ನನಗಾಗಿಯೇ ಕೇಳುತ್ತಿದ್ದೇನೆ ಎಂದುಕೊಂಡಿದ್ದರು.

ಹೀಗೆ ಕೇಳಿ: "ಇಲ್ಲಿ ದಿನಾ ಸಂಜೆ ಬಾಕಿ ಉಳಿಯುವ ಕೆಲಸ ಯಾವುದು?" ಯಾವ ಅಂಗಡಿಯಲ್ಲೂ ಇದಕ್ಕೆ ಉತ್ತರ ಇರುತ್ತದೆ. ನಾಲ್ಕು ಜನ ತಮ್ಮ ತಮ್ಮ ಕೆಲಸದ ನಡುವೆ ಬೈದುಕೊಂಡು ಮಾಡುವ ಒಂದು ತುಂಡು ಕೆಲಸ ಎಲ್ಲಿಯೂ ಇದ್ದೇ ಇರುತ್ತದೆ. ಆ ತುಂಡುಗಳನ್ನು ಕೂಡಿಸಿ ಒಬ್ಬರ ಕೆಲಸ ಮಾಡಬಹುದೇ ಎಂದು ಯೋಚಿಸಿ. ನಾನು ಹೋದ ಹಾಳೆ ತಟ್ಟೆಯ ಘಟಕದಲ್ಲಿ ಆರು ಜನ. ಯಂತ್ರದ ಮುಂದೆ ಕೂತ ಹೆಂಗಸರೇ ನಡುನಡುವೆ ಎದ್ದು ಬಂದು ತಟ್ಟೆಗಳನ್ನು ಆರಿಸಿ, ಎಣಿಸಿ, ಕಟ್ಟು ಕಟ್ಟಬೇಕಿತ್ತು. ಅವರು ಎದ್ದ ಅಷ್ಟು ಹೊತ್ತು ಅಚ್ಚು ಬಿಸಿಯಾಗಿ ಸುಮ್ಮನೆ ಇರುತ್ತಿತ್ತು, ಕರೆಂಟು ದಂಡ. ಬಾಳೆಲೆಯ ಅಂಚು ಕೂಡಿಸುವ ಮನುಷ್ಯ ನನ್ನ ಬಳಿ ಇದ್ದಾರೆ ಎಂದೆ.

"ಏನಾದರೂ ಆದರೆ?" ಎಂದು ಮಾಲೀಕರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬುದ್ಧಿ ಬೆಳವಣಿಗೆಯ ಕೊರತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ. ಇಎಸ್‌ಐ ಎಂಬ ನೌಕರರ ವಿಮೆ ಇರುವ ಸಂಸ್ಥೆಯಾದರೆ ಅದಕ್ಕೆ ಸೇರಲು ಅಂಗವಿಕಲ ನೌಕರರಿಗೆ ಸಂಬಳದ ಮಿತಿ 25,000 ರೂಪಾಯಿ, ಉಳಿದವರಿಗೆ 21,000. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದೂ ನಿಯಮವಿದೆ. ದೊಡ್ಡ ಕಡೆ ಹೋದಾಗ ಇದನ್ನು ಮೆಲ್ಲಗೆ ನೆನಪಿಸಿ. ಆರು ಜನರ ಘಟಕದಲ್ಲಿ ಕಾಯಿದೆ ಎತ್ತಿದರೆ ಚಹಾವೂ ಸಿಗುವುದಿಲ್ಲ.

ಕೂಲಿಯ ಮಾತು ಮೊದಲ ದಿನವೇ ಆಗಬೇಕು. "ಕಲಿಯಲಿ, ಆಮೇಲೆ ನೋಡೋಣ" ಎಂದವರ ಬಳಿ ಎರಡು ವರ್ಷ ಬಿಟ್ಟಿ ದುಡಿದವರನ್ನು ನಾನು ಬಲ್ಲೆ. ಎರಡು ವಾರ ಪರೀಕ್ಷೆಗೆಂದು ಇಟ್ಟುಕೊಳ್ಳಲಿ, ಆ ಎರಡು ವಾರಕ್ಕೂ ಕೂಲಿ ಕೊಡಲಿ. ನಾವು ಕಟ್ಟಿಗಿಷ್ಟು ಎಂದು ಮಾತಾಡಿಕೊಂಡೆವು, ಹಿಂದೆ ಯಂತ್ರದ ಹೆಂಗಸರಿಗೆ ಕೊಡುತ್ತಿದ್ದ ದರದಲ್ಲೇ.

ಕಲಿಸುವುದು

ಹಾಳೆ ತಟ್ಟೆ ಆಗುವ ಬಗೆ ಗೊತ್ತಿರಬಹುದು. ಒಣಗಿದ ಅಡಿಕೆ ಹಾಳೆಯನ್ನು ತೊಳೆದು, ನೀರಿನಲ್ಲಿ ನೆನೆಸಿ, ನೀರು ಬಸಿಯಲು ನಿಲ್ಲಿಸಿ, ಬಿಸಿ ಅಚ್ಚಿನಡಿ ಇಟ್ಟು ಒತ್ತುವುದು. ಹೊರಬಂದ ತಟ್ಟೆಯಲ್ಲಿ ಬಿರುಕು, ತೂತು, ಬೂಷ್ಟು ನೋಡಿ ಬೇರ್ಪಡಿಸಿ, ಅಂಚು ಕೂಡಿಸಿ, 25ರ ಕಟ್ಟು ಮಾಡುವುದು ಕೊನೆಯ ಹಂತ. ಬಿಸಿ ಅಚ್ಚಿನ ಸುತ್ತ ನೆಲದ ಮೇಲೆ ಮೊದಲ ದಿನವೇ ಕೆಂಪು ಬಣ್ಣದ ಗೆರೆ ಎಳೆಸಿದೆ. ಈ ಗೆರೆ ದಾಟುವಂತಿಲ್ಲ. ಒಂದೇ ನಿಯಮ, ಎಲ್ಲರಿಗೂ.

ಕೆಲಸವನ್ನು ಒಡೆಯಿರಿ. ನೀವೇ ಮೊದಲು ಅರ್ಧ ದಿನ ಮಾಡಿ ನೋಡಿ, ಇಲ್ಲದಿದ್ದರೆ ಅದರಲ್ಲಿ ಎಷ್ಟು ಹೆಜ್ಜೆ ಇದೆ ಎಂದು ಗೊತ್ತಾಗುವುದಿಲ್ಲ. ನನಗೆ ನಾಲ್ಕು ಎಂದು ಕಂಡದ್ದು ಮಾಡುತ್ತಾ ಹೋದಾಗ ಒಂಬತ್ತಾಯಿತು. ಆಮೇಲೆ ಹಿಂದಿನಿಂದ ಕಲಿಸಿ. ಎಂಟು ಹೆಜ್ಜೆ ನೀವು ಮಾಡಿ ಒಂಬತ್ತನೆಯದನ್ನು, ಎಂದರೆ ದಾರದ ಗಂಟು ಬಿಗಿದು ಕಟ್ಟನ್ನು ಅಟ್ಟಳಿಗೆಯ ಮೇಲಿಡುವುದನ್ನು, ಅವರಿಗೆ ಬಿಡಿ. ಅದು ಬಂದ ಮೇಲೆ ಎಂಟನೆಯದು. ಹೀಗೆ ಮಾಡಿದರೆ ಮೊದಲ ದಿನವೇ ಕೆಲಸ ಮುಗಿಸಿದವರು ಅವರಾಗುತ್ತಾರೆ. ಅಮೆರಿಕದ ಇಲಿನಾಯ್‌ನಲ್ಲಿ ಮಾರ್ಕ್ ಗೋಲ್ಡ್ ಎಂಬವರು 1970ರ ದಶಕದಲ್ಲಿ, ಯಾವುದೂ ಕಲಿಯಲಾರರು ಎಂದು ಬಿಟ್ಟುಬಿಟ್ಟವರಿಗೆ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸಲು ಕಲಿಸಿ ತೋರಿಸಿದ್ದರು. ಅವರು ಹಿಡಿದ ದಾರಿಯೂ ಇದೇ: ಕೆಲಸವನ್ನು ಒಡೆ, ಮಾತು ಕಡಿಮೆ ಮಾಡು, ಒಂದು ಬಗೆಯಲ್ಲಿ ಬಾರದಿದ್ದರೆ ಇನ್ನೊಂದು ಬಗೆ ನೋಡು.

ಮಾತು ಕಡಿಮೆ ಎಂಬುದು ನಮ್ಮ ಊರಿನಲ್ಲಿ ಇನ್ನೂ ಮುಖ್ಯ. ಮಾಲೀಕರು ಕನ್ನಡದಲ್ಲಿ ಹಾಳೆ ಎನ್ನುತ್ತಾರೆ, ಇವರ ಮನೆಯ ತುಳುವಿನಲ್ಲಿ ಅದು ಪಾಳೆ, ಪಕ್ಕದ ಯಂತ್ರದ ಅಕ್ಕನಿಗೆ ಮಲಯಾಳದ ಪಾಳ. ಒಬ್ಬರು ಸಾಕು ಎಂದರೆ ಇನ್ನೊಬ್ಬರು ಯಾವು, ಮತ್ತೊಬ್ಬರು ಮದಿ. ಮೊದಲ ಎರಡು ದಿನ ಅವರು ಗಲಿಬಿಲಿಯಾಗಿ ಕೈಕಟ್ಟಿ ಕೂತರು. ಎಲ್ಲರನ್ನೂ ಕೂರಿಸಿ ಐದು ಶಬ್ದಗಳನ್ನು ತೀರ್ಮಾನಿಸಿದೆವು, ಐದೂ ಅವರ ಮನೆಮಾತಿನವು. ಅದರ ಮೇಲೆ ಮಾತಿಲ್ಲ, ಬೆರಳು ತೋರಿಸುವುದು ಮಾತ್ರ.

ತೊಡಕಾದದ್ದು ಎಣಿಕೆಯಲ್ಲಿ. ಅವರಿಗೆ ಹತ್ತರ ಆಚೆ ಲೆಕ್ಕ ನಿಲ್ಲುವುದಿಲ್ಲ. ನಾನು ಬುದ್ಧಿವಂತನಂತೆ ಬಡಗಿಯಿಂದ ಒಂದು ಮರದ ಚೌಕಟ್ಟು ಮಾಡಿಸಿದೆ: ತಟ್ಟೆಯ ರಾಶಿ ಈ ಗುರುತಿಗೆ ಬಂದರೆ ಇಪ್ಪತ್ತೈದು. ಒಂದು ವಾರದಲ್ಲಿ ಕುಂಬಳೆಯ ಗಿರಾಕಿಯಿಂದ ದೂರು ಬಂತು, ಒಂದು ಕಟ್ಟಿನಲ್ಲಿ 23, ಇನ್ನೊಂದರಲ್ಲಿ 27. ಹಾಳೆಯೇನು ಕಾರ್ಖಾನೆಯಲ್ಲಿ ಆದ ಕಾಗದವೇ? ಒಂದು ದಪ್ಪ, ಒಂದು ತೆಳು. ಎತ್ತರ ಅಳೆದು ಲೆಕ್ಕ ಹಿಡಿಯಲು ಹೊರಟದ್ದು ನನ್ನ ದಡ್ಡತನ, ಅವರು ಹೇಳಿದ ಗುರುತಿಗೆ ಸರಿಯಾಗಿಯೇ ಕಟ್ಟಿದ್ದರು.

ಉಪಾಯ ಹೊಳೆದದ್ದು ದಿನಸಿ ಅಂಗಡಿಯಲ್ಲಿ. ಮೊಟ್ಟೆಯ ಟ್ರೇ. ಅದರಲ್ಲಿ ಆರು ಸಾಲು, ಸಾಲಿಗೆ ಐದರಂತೆ 30 ಗುಳಿ. ಒಂದು ಸಾಲು ಕತ್ತರಿಸಿದರೆ 25. ಪಕ್ಕದಲ್ಲಿ ಒಂದು ಬಟ್ಟಲಿನ ತುಂಬ ಗೋಟಡಿಕೆ. ಒಂದು ತಟ್ಟೆ ರಾಶಿಗೆ, ಒಂದು ಅಡಿಕೆ ಗುಳಿಗೆ. ಗುಳಿಗಳೆಲ್ಲ ತುಂಬಿದರೆ ಕಟ್ಟು. ಮಾಲೀಕರ ಅಮ್ಮನಿಗೆ ಮೊಟ್ಟೆಯ ಟ್ರೇ ಒಳಗೆ ಬರುವುದು ಒಪ್ಪಿಗೆಯಾಗಲಿಲ್ಲ. ಊಟ ಮಾಡುವ ತಟ್ಟೆಯಲ್ಲವೇ ಎಂದರು. ಕಾಸರಗೋಡಿಗೆ ಹೋಗಿ ಹೊಚ್ಚ ಹೊಸ ಪ್ಲಾಸ್ಟಿಕ್ ಟ್ರೇ ತಂದು ಅವರ ಎದುರೇ ತೊಳೆದು ಕೊಟ್ಟ ಮೇಲೆ ಸಮಾಧಾನವಾಯಿತು. ಅಲ್ಲಿಂದ ಇಲ್ಲಿಯವರೆಗೆ ಲೆಕ್ಕದ ದೂರು ಬಂದಿಲ್ಲ. ಈಗ ಯಂತ್ರದ ಹೆಂಗಸರೂ ರಜೆಯ ದಿನ ಅದೇ ಟ್ರೇ ಬಳಸುತ್ತಾರೆ, ಮಾತಾಡುತ್ತಾ ಎಣಿಸಿದರೆ ತಪ್ಪುತ್ತದಂತೆ.

ನೀವು ಹೊರಗೆ ಬನ್ನಿ

ನಾನು ಹನ್ನೊಂದು ದಿನ ಪೂರ್ತಿ ಅಲ್ಲಿಯೇ ಕೂತೆ. ಆಮೇಲೆ ಮಧ್ಯಾಹ್ನದವರೆಗೆ. ಆಮೇಲೆ ಬಿಡಬೇಕಿತ್ತು, ಬಿಡಲಿಲ್ಲ. ಒಂದು ತಿಂಗಳಾಗುವಾಗ ಮಾಲೀಕರು "ನಾಳೆ ಬೇಗ ಬರಲು ಅವನಿಗೆ ಹೇಳಿ" ಎಂದು ನನಗೆ ಹೇಳುತ್ತಿದ್ದರು, ಅವರು ಎರಡು ಮೊಳ ದೂರದಲ್ಲಿ ಕೂತಿರುವಾಗಲೇ. ಮೊದಲ ಸಂಬಳವನ್ನೂ ನನ್ನ ಕೈಗೇ ಕೊಡಲು ಬಂದರು. ನನಗೆ ಆಗ ಎಚ್ಚರವಾಯಿತು. ನೋಟುಗಳನ್ನು ವಾಪಸು ಮಾಡಿ, ನೀವೇ ಎಣಿಸಿ ಅವರ ಕೈಗೆ ಕೊಡಿ ಎಂದೆ. ಆ ದುಡ್ಡಿನಲ್ಲಿ ಅವರು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಕೊಡೆ ಕೊಂಡರು. ಅಂಗಡಿಯಲ್ಲೇ ಏಳೆಂಟು ಸಲ ಬಿಚ್ಚಿ ಮುಚ್ಚಿ ನೋಡಿದರು.

ನಿಮ್ಮ ಜಾಗಕ್ಕೆ ಅಲ್ಲಿಯ ಕೆಲಸಗಾರರಲ್ಲೇ ಒಬ್ಬರು ಬರಬೇಕು. ಪಕ್ಕದ ಯಂತ್ರದ ಅಕ್ಕ ತಾನಾಗಿಯೇ ಚಹಾ ಹೊತ್ತಿಗೆ ಇವರನ್ನು ಎಬ್ಬಿಸಲು ಶುರು ಮಾಡಿದ್ದರು, ಹಾಗಾಗಿ ಹೊಸದಾಗಿ ಯಾರನ್ನೂ ಹುಡುಕಬೇಕಾಗಲಿಲ್ಲ. ಆ ಅಕ್ಕನ ಮಗಳು ರಜೆಯಲ್ಲಿ ಬಂದವಳು ಇವರನ್ನು ಮಾಮ ಎಂದು ಕರೆದಳು. ಮಾಣಿ ಎಂಬ ಹೆಸರು ಘಟಕದಲ್ಲಿ ಅಂದಿಗೆ ಮುಗಿಯಿತು. ಮನೆಯಲ್ಲಿ ಇನ್ನೂ ಇದೆ.

ಕಣ್ಣು, ಕಿವಿ, ಮನಸ್ಸು

ಇದುವರೆಗೆ ಒಬ್ಬರ ಕತೆಯನ್ನೇ ಎಳೆದೆ. ಬೇರೆಯವರ ಬಗ್ಗೆ ಕೆಲವು ಮಾತು.

ಕಣ್ಣು ಕಾಣದವರಿಗೆ ಕಂಪ್ಯೂಟರ್ ಕೆಲಸ ಕೇಳುವಾಗ ಎನ್‌ವಿಡಿಎ ಎಂಬ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ಹೆಸರು ಹೇಳಿ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು ಮಾಡಿದ್ದು, ಬೆಲೆ ಇಲ್ಲ, ಕನ್ನಡವನ್ನೂ ಓದುತ್ತದೆ. ಓದುವುದು ಯುನಿಕೋಡ್ ಅಕ್ಷರವನ್ನು ಮಾತ್ರ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾದ ಕಡತವನ್ನು ಮುಂದಿಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಕನ್ನಡ ಎಂ.ಎ. ಮಾಡಿದ ಒಬ್ಬ ತಂಗಿಯನ್ನು ಒಂದು ಕಚೇರಿಯಲ್ಲಿ ಹೀಗೆಯೇ ಪರೀಕ್ಷಿಸಿ, "ಇವರಿಗೆ ಆಗುವುದಿಲ್ಲ" ಎಂದು ಬರೆದುಬಿಟ್ಟರು. ಸಂದರ್ಶನಕ್ಕೆ ಮುಂಚೆಯೇ ಕಡತ ಯಾವ ಅಕ್ಷರದಲ್ಲಿದೆ ಎಂದು ಕೇಳಿ ಇಟ್ಟುಕೊಳ್ಳಿ. ಸರಕಾರಿ ಸಂಸ್ಥೆಯಾದರೆ ತಕ್ಕ ಅನುಕೂಲ ಮಾಡಿಕೊಡುವುದು ಕಾಯಿದೆಯ 20ನೆಯ ಸೆಕ್ಷನ್ ಪ್ರಕಾರ ಅವರ ಹೊಣೆ.

ಕಿವಿ ಕೇಳದವರ ಕಷ್ಟ ನಮ್ಮ ಜಿಲ್ಲೆಯಲ್ಲಿ ಬೇರೆಯೇ. ತುಟಿ ನೋಡಿ ಮಾತು ಹಿಡಿಯುತ್ತಾರೆ ಎಂದು ಜನ ಸುಲಭವಾಗಿ ಹೇಳುತ್ತಾರೆ. ಯಾವ ಭಾಷೆಯ ತುಟಿ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಮನೆಯಲ್ಲಿ ಮರಾಟಿ. ಬರೆದು ತೋರಿಸೋಣವೆಂದರೆ ಕನ್ನಡ ಓದಲು ಬರುವವರಿಗೆ ಮೇಸ್ತ್ರಿ ಮಲಯಾಳದಲ್ಲಿ ಬರೆದು ಕೊಡುತ್ತಾನೆ. ಗೇರುಬೀಜದ ಕಾರ್ಖಾನೆಯಲ್ಲಿ ತಿರುಳು ಬೇರ್ಪಡಿಸುವ ಒಬ್ಬ ಹೆಂಗಸಿಗೆ ನಾವು ಅಕ್ಷರವನ್ನೇ ಬಿಟ್ಟೆವು. 240, 320 ಎಂಬ ದರ್ಜೆಗಳ ಅಂಕೆ, ಪ್ರತಿಯೊಂದರ ಕೆಳಗೆ ಆ ಗಾತ್ರದ ಒಂದು ನಿಜವಾದ ತಿರುಳನ್ನು ರಟ್ಟಿಗೆ ಅಂಟಿಸಿ ಮೇಜಿನ ಎದುರು ತೂಗುಹಾಕಿದೆವು. ಅಂಕೆ ಎಲ್ಲ ಭಾಷೆಗೂ ಒಂದೇ.

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರ ವಿಷಯದಲ್ಲಿ ಯಾರಿಗೆ ಎಷ್ಟು ಹೇಳಬೇಕು ಎಂಬುದು ಅವರ ತೀರ್ಮಾನ, ನಿಮ್ಮದಲ್ಲ. ರಾತ್ರಿಯ ಮಾತ್ರೆಯಿಂದ ಬೆಳಿಗ್ಗೆ ಜೋಂಪು ಇರುವವರಿಗೆ ಎಂಟಕ್ಕೆ ಬದಲು ಹತ್ತಕ್ಕೆ ಬರಬಹುದೇ ಎಂದು ಕೇಳಿದರೆ ಸಾಕು, ಕಾಯಿಲೆಯ ಹೆಸರು ಬೇಕಾಗಿಲ್ಲ. ಕೆಲಸಕ್ಕೆ ಸೇರಿದ್ದೇನೆ, ಇನ್ನು ಗುಣವಾಯಿತು ಎಂದು ಮಾತ್ರೆ ನಿಲ್ಲಿಸುವುದು ಮೂರನೆಯ ತಿಂಗಳ ಸುಮಾರಿಗೆ. ಆಗ ಒಮ್ಮೆ ಹೋಗಿ ಬನ್ನಿ.

ಬೇಡ ಎನ್ನಬೇಕಾದ ಕೆಲಸಗಳೂ ಇವೆ. ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದು ಮನೆಯಲ್ಲೇ ಇರಲು ಹೇಳುವವರು. ಬಂದ ಅತಿಥಿಗಳಿಗೆ ತೋರಿಸಲೆಂದೇ ಬಾಗಿಲ ಬಳಿ ಕೂರಿಸುವವರು. ಸಮಾರಂಭಕ್ಕೊಮ್ಮೆ ವೇದಿಕೆಗೆ ಕರೆದು ಅದೇ ದಿನದ ಕೂಲಿ ಕಡಿಯುವವರು. ಕೆಲಸ ಇಷ್ಟವಾಗದೆ ಬಿಟ್ಟವರನ್ನು "ಇಷ್ಟು ಕಷ್ಟಪಟ್ಟು ಕೊಡಿಸಿದ್ದೇನೆ" ಎಂದು ಗದರಿಸಲೂಬೇಡಿ. ನಾನು ಒಮ್ಮೆ ಗದರಿಸಿದೆ. ಬೇಕರಿ ಬಿಟ್ಟ ಆ ಯುವಕ ನನ್ನ ಕಂಡರೆ ಈಗಲೂ ಬಸ್ ನಿಲ್ದಾಣದ ಆಚೆ ಬದಿಗೆ ಹೋಗುತ್ತಾನೆ. ಅವನು ಒಂದು ವರ್ಕ್‌ಶಾಪಿನಲ್ಲಿ ಚೆನ್ನಾಗಿಯೇ ಇದ್ದಾನೆ, ಅದನ್ನು ಅವನೇ ಹುಡುಕಿಕೊಂಡದ್ದು.

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಪೂಜೆಗೆಂದು ತಟ್ಟೆ ತರಲು ಆ ಘಟಕಕ್ಕೆ ಹೋಗಿದ್ದೆ. ಎಂಟು ಕಟ್ಟು ಬೇಕು ಎಂದೆ. ಅವರು ತಲೆ ಎತ್ತಲಿಲ್ಲ, ಟ್ರೇಯಲ್ಲಿ ಇನ್ನೂ ಎರಡು ಗುಳಿ ಬಾಕಿ ಇದ್ದವು. ತುಂಬಿಸಿ, ಗಂಟು ಬಿಗಿದು, ಆಮೇಲೆ ಎದ್ದು ನನ್ನ ಕಟ್ಟುಗಳನ್ನು ಇಳಿಸಿದರು. ಒಂದರ ಮೇಲಿನ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ನನಗೆ ಕಂಡಿರಲಿಲ್ಲ. ಕಟ್ಟು ಬಿಚ್ಚಿ ಅದನ್ನು ಹಿಂದಕ್ಕೆ ಎಸೆದು ಬೇರೊಂದು ಹಾಕಿದರು. ನೋಡಲೆಂದು ನಾನು ಹತ್ತಿರ ಬಗ್ಗಿದೆ. ಅವರು ನನ್ನ ಮುಖ ನೋಡಲಿಲ್ಲ, ಕ್ಯಾಲಿಪರ್ ಕಟ್ಟಿದ ಕಾಲನ್ನು ನೋಡಿದರು, ಬೆರಳು ಕೆಳಗೆ ತೋರಿಸಿದರು. ಕೆಂಪು ಗೆರೆಯನ್ನು ಅರ್ಧ ಅಡಿ ದಾಟಿ ನಿಂತಿದ್ದೆ.